ಜೋಡಿ ಮನೆಯೋ, ಬಿಡಿ ಮನೆಯೋ: ಬಳ್ಳಾರಿಯ ಒಂದು ಮನೆತನದ ಪ್ರಕರಣ

ದಸರೆಗೆ ವಾರ ಇರುವಾಗ ಭಾವ ಫೋನ್ ಮಾಡಿದರು. "ಏನಪ್ಪಾ, ಭಾನುವಾರ ಬಿಡುವಿದೆಯಾ? ಎರಡು ಮನೆ ನೋಡಿದೀವಿ. ನಿಮ್ಮಕ್ಕ ಒಂದು ಅಂತಾಳೆ, ನಾನು ಒಂದು ಅಂತೀನಿ. ನೀನೇ ಬಂದು ನೋಡು."

ನಾನು ಇಪ್ಪತ್ತು ವರ್ಷದಿಂದ ಬಳ್ಳಾರಿ ಸುತ್ತ ಮನೆ ಕಟ್ಟಿಸುವ ಕೆಲಸದಲ್ಲಿದ್ದೇನೆ. ಬೇರೆಯವರ ಮನೆಯಾದರೆ ಅರ್ಧ ಗಂಟೆಯಲ್ಲಿ ಮಾತು ಮುಗಿಸುತ್ತೇನೆ. ಇದು ಅಕ್ಕನ ಮನೆ. ನಾಲ್ಕು ಸಲ ಹೋದೆ. ಅದನ್ನೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಗೇಟೆಡ್ ಲೇಔಟ್‌ಗಳು ನಮ್ಮ ಕಡೆಯೂ ಬಂದಿವೆ. ಇದೇ ಪ್ರಶ್ನೆ ಇಟ್ಟುಕೊಂಡು ಬರುವವರು ಜಾಸ್ತಿ ಆಗಿದ್ದಾರೆ.

ಮನೆಯಲ್ಲಿ ಐದು ಜನ. ಭಾವ ಹೈಸ್ಕೂಲ್ ಮೇಷ್ಟ್ರು, ನಿವೃತ್ತರಾಗಿದ್ದಾರೆ. ಅಕ್ಕ ಇನ್ನೂ ಪ್ರೈಮರಿ ಶಾಲೆಗೆ ಹೋಗುತ್ತಾಳೆ. ಮಗ ತೋರಣಗಲ್ಲಿನಲ್ಲಿ ಕೆಲಸದಲ್ಲಿದ್ದಾನೆ, ಕೈಗೆ ಬರುವ ಸಂಬಳ 72 ಸಾವಿರ. ಮಗಳು ಓದುತ್ತಿದ್ದಾಳೆ. ಭಾವನ ತಾಯಿಗೆ 81 ವರ್ಷ. ಅವರನ್ನು ಎಲ್ಲರೂ ಅಜ್ಜಿ ಅಂತಲೇ ಕರೆಯುತ್ತೇವೆ. ಎರಡೂ ಮಂಡಿ ನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಭಾವನ ಕೈಯಲ್ಲಿ 30 ಲಕ್ಷ ಇತ್ತು. ಉಳಿದದ್ದು ಮಗನ ಹೆಸರಲ್ಲಿ ಸಾಲ.

ಲೇಔಟ್ ಇರುವುದು ಸಿರುಗುಪ್ಪ ರಸ್ತೆ ಕಡೆ, ಪಾಲಿಕೆ ವ್ಯಾಪ್ತಿಯೊಳಗೆ. ಸುತ್ತ ಕಾಂಪೌಂಡು, ಒಂದು ಗೇಟು, ಒಂದು ಪಾರ್ಕು. ಮೊದಲನೆಯದು ಬಿಡಿ ಮನೆ. 30x40 ಸೈಟು, ಪೂರ್ವಕ್ಕೆ ಬಾಗಿಲು, ಮೇಲೊಂದು ಕೆಳಗೊಂದು ಅಂತಸ್ತು, ಬಣ್ಣ ಬಳಿದು ಸಿದ್ಧವಾಗಿತ್ತು. ಬೆಲೆ 74 ಲಕ್ಷ. ಎರಡನೆಯದು ಜೋಡಿ ಮನೆ. 20x50 ಸೈಟು, ಉತ್ತರಕ್ಕೆ ಬಾಗಿಲು, ಒಂದು ಪಕ್ಕದ ಗೋಡೆ ಪಕ್ಕದ ಮನೆಗೂ ಸೇರಿದ್ದು. ಅದಿನ್ನೂ ಪ್ಲಿಂತ್ ಮಟ್ಟದಲ್ಲಿತ್ತು, ಅಂದರೆ ಪಾಯ ಮುಗಿದಿತ್ತು, ಗೋಡೆ ಎದ್ದಿರಲಿಲ್ಲ. ಬೆಲೆ 58 ಲಕ್ಷ. ಅದೇ ನಮೂನೆಯ ಇನ್ನೊಂದು ಜೋಡಿ ಪಕ್ಕದ ರಸ್ತೆಯಲ್ಲಿ ಸ್ಲ್ಯಾಬ್ ಮುಗಿಸಿ ನಿಂತಿತ್ತು, ಪ್ಲಾಸ್ಟರ್ ಆಗಿರಲಿಲ್ಲ. ನನಗೆ ಅದು ದೊಡ್ಡ ಅನುಕೂಲವಾಯಿತು. ಗೋಡೆಯ ಒಳಗೆ ಏನಿದೆ ಅಂತ ಕಣ್ಣಾರೆ ನೋಡುವ ಅವಕಾಶ ಮನೆ ಕೊಳ್ಳುವವರಿಗೆ ಸಿಗುವುದೇ ಅಪರೂಪ.

ಭಾವನ ಮಾತು ನೇರ. "ಜೀವಮಾನವೆಲ್ಲಾ ಬಾಡಿಗೆ ಮನೆಯಲ್ಲಿ ಇನ್ನೊಬ್ಬರ ಗೋಡೆ ಕೇಳಿ ಕೇಳಿ ಬದುಕಿದೀವಿ. ಕೊನೆಗಾದರೂ ನಾಲ್ಕೂ ಗೋಡೆ ನಮ್ಮವೇ ಆಗಲಿ." ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿರಲಿಲ್ಲ. ಮೂವತ್ತು ವರ್ಷ ಪಾರ್ವತಿನಗರ, ಗಾಂಧಿನಗರ ಅಂತ ಮನೆ ಬದಲಾಯಿಸಿದವರು ಅವರು.

ಅಕ್ಕನದು ಬೇರೆ ಯೋಚನೆ. ಹಿಂದಿನ ವರ್ಷ ಅಜ್ಜಿ ಬಚ್ಚಲಲ್ಲಿ ಬಿದ್ದಿದ್ದರು. ಮನೆಯಲ್ಲಿ ಯಾರೂ ಇರಲಿಲ್ಲ. ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಅಕ್ಕ ಶಾಲೆ ಬಿಟ್ಟು ಬರುವವರೆಗೂ ನೆಲದ ಮೇಲೇ ಇದ್ದರು. "ಗೋಡೆ ಬಡಿದರೆ ಕೇಳಿಸೋ ಹಾಗೆ ಒಂದು ಮನೆ ಇರಲಿ" ಅಂತ ಅಕ್ಕ ಹೇಳಿದಾಗ ಭಾವ ಸುಮ್ಮನಾದರು. ಆದರೆ ಒಪ್ಪಲಿಲ್ಲ.

ಮೊದಲು ದುಡ್ಡಿನ ಲೆಕ್ಕ

ಎರಡು ಬೆಲೆಗಳ ನಡುವೆ 16 ಲಕ್ಷ ಅಂತರ. ಆದರೆ ಕೊಡುವ ದುಡ್ಡು ಅಷ್ಟಕ್ಕೇ ನಿಲ್ಲುವುದಿಲ್ಲ. ಕಟ್ಟಡ ಪೂರ್ಣಗೊಂಡಿದೆ ಅನ್ನುವ ಪ್ರಮಾಣಪತ್ರ ಬಂದ ಮೇಲೆ ಮಾರುವ ಮನೆಗೆ ಜಿಎಸ್‌ಟಿ ಇಲ್ಲ. ಕಟ್ಟುತ್ತಿರುವ ಮನೆಗೆ ಈ ಬೆಲೆಯಲ್ಲಿ 5%. ಅಂದರೆ ಜೋಡಿ ಮನೆಗೆ 2.9 ಲಕ್ಷ ಸೇರಿತು. 45 ಲಕ್ಷ ದಾಟಿದ ಮನೆಗೆ ಮುದ್ರಾಂಕ ಶುಲ್ಕ 5%. ಸೆಸ್ಸು, ಸರ್ಚಾರ್ಜು ಸೇರಿ ನಗರ ವ್ಯಾಪ್ತಿಯಲ್ಲಿ 5.6%. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1% ಇದ್ದದ್ದು 2% ಆಗಿದೆ. ಒಟ್ಟು 7.6%. ಈ ಲೆಕ್ಕ ಹಿಡಿದರೆ ಜೋಡಿ ಮನೆಗೆ 65.3 ಲಕ್ಷ, ಬಿಡಿ ಮನೆಗೆ 79.6 ಲಕ್ಷ. ಅಂತರ 14.3 ಲಕ್ಷ.

ಬ್ಯಾಂಕು ಹೇಳಿದ ಬಡ್ಡಿ 8.5%, ಅವಧಿ 15 ವರ್ಷ. ಕೈಯಲ್ಲಿದ್ದ 30 ಲಕ್ಷ ಕಳೆದರೆ ಜೋಡಿ ಮನೆಗೆ ತಿಂಗಳ ಕಂತು ಸುಮಾರು 34,800. ಬಿಡಿ ಮನೆಗೆ 48,800. ಹುಡುಗನ ಕೈಗೆ ಬರುವುದು 72 ಸಾವಿರ ಅಂತ ಮೊದಲೇ ಹೇಳಿದ್ದೇನೆ. ತಂಗಿಯ ಓದು ಬಾಕಿ ಇದೆ. ನಾಳೆ ಅವನ ಮದುವೆ ಆಗಬೇಕು. ಈ ಎರಡು ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಬರೆದು ಭಾವನ ಮುಂದೆ ಇಟ್ಟೆ. ಅವರು ಬಹಳ ಹೊತ್ತು ನೋಡಿದರು. "ಅಷ್ಟು ಹೊರೆ ಅವನ ಮೇಲೆ ಹಾಕಬಾರದು" ಅಂದರು. ಆದರೆ ದನಿಯಲ್ಲಿ ಬೇಸರ ಇತ್ತು. ದುಡ್ಡಿಲ್ಲ ಅಂತ ಜೋಡಿ ಮನೆ ತೆಗೆದುಕೊಂಡರೆ ಆ ಬೇಸರ ಮನೆಯೊಳಗೇ ಉಳಿದುಬಿಡುತ್ತದೆ. ಅದಕ್ಕೆ, ದುಡ್ಡನ್ನು ಪಕ್ಕಕ್ಕಿಟ್ಟು ಮನೆಯನ್ನೇ ನೋಡೋಣ ಬನ್ನಿ ಭಾವ ಅಂದೆ.

ನೆಲ ಮತ್ತು ಗೋಡೆ

ಸಿರುಗುಪ್ಪ ಕಡೆಗೆ ಹೋದ ಹಾಗೆ ಎರೆ ಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ ಸಿಗುತ್ತದೆ. ಹತ್ತಿಗೆ, ಜೋಳಕ್ಕೆ ಬಂಗಾರದಂಥ ನೆಲ. ಮನೆಗೆ ಅದೇ ನೆಲ ಕಷ್ಟ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ? ಆ ಉಬ್ಬು-ಕುಗ್ಗು ಪಾಯದ ಕೆಳಗೂ ನಡೆಯುತ್ತದೆ. ಅದಕ್ಕೇ ಪಾಯವನ್ನು ಎರೆ ದಾಟಿಸಿ ಗರಸಿನವರೆಗೆ, ಅಂದರೆ ಕೆಳಗಿನ ಗಟ್ಟಿ ಕಲ್ಲುಮಣ್ಣಿನವರೆಗೆ ಇಳಿಸಬೇಕು. ಅಥವಾ ತಳದಲ್ಲಿ ಗಡ್ಡೆಯ ಹಾಗೆ ಅಗಲವಾದ ಪೈಲು, ಅಂದರೆ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ ಹಾಕಬೇಕು. ಮೇಲೆ ಎಲ್ಲಾ ಪಿಲ್ಲರ್‌ಗಳನ್ನು ಪ್ಲಿಂತ್ ಬೀಮಿನಿಂದ ಕಟ್ಟಬೇಕು. ಇಲ್ಲಿ ಎರೆ ಆರು ಅಡಿ ಇತ್ತು, ಅದರ ಕೆಳಗೆ ಗರಸು. ಎರಡೂ ಮನೆಗಳ ಪಾಯ ಗರಸಿನ ಮೇಲೇ ಕೂತಿತ್ತು. ಪಾಯ ತೋಡಿದಾಗಿನ ಫೋಟೋ, ನಕ್ಷೆ ಎರಡನ್ನೂ ಕೇಳಿ ನೋಡಿದೆ. ಸರಿ ಇತ್ತು.

ಬಿಡಿ ಮನೆಗೆ ಇಲ್ಲಿ ಒಂದು ನಿಜವಾದ ಲಾಭ ಇದೆ, ಅದನ್ನು ಮುಚ್ಚಿಡಬಾರದು. ನೆಲ ಅಲುಗಿದರೆ ನಿಮ್ಮ ಮನೆ ತಾನೊಂದೇ ಅಲುಗುತ್ತದೆ. ಜೋಡಿ ಮನೆಯಲ್ಲಿ ಪಕ್ಕದವರು ಮಾಡಿದ್ದು ನಿಮ್ಮ ಗೋಡೆಗೂ ಬರುತ್ತದೆ. ಕೆಲವು ವರ್ಷದ ಹಿಂದೆ ಬೇರೊಂದು ಬಡಾವಣೆಯ ಸಾಲು ಮನೆಗಳಿಗೆ ನನ್ನನ್ನು ಕರೆದಿದ್ದರು. ಮಧ್ಯದ ಮನೆಯವರು ಯಾರನ್ನೂ ಕೇಳದೆ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಿದ್ದರು. ಗೋಡೆಯ ಪಕ್ಕದಲ್ಲೇ ಇಂಗುಗುಂಡಿ ತೋಡಿದ್ದರು. ಒಂದು ಕಡೆ ಭಾರ, ಇನ್ನೊಂದು ಕಡೆ ನೀರು. ಎರಡೂ ಪಕ್ಕದ ಮನೆಗಳಲ್ಲಿ ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿತ್ತು. ತಪ್ಪು ಮಾಡಿದವರ ಮನೆಗಿಂತ ಮಾಡದವರ ಮನೆಯಲ್ಲೇ ಬಿರುಕು ಜಾಸ್ತಿ. ಆ ಇಬ್ಬರ ಮುಖ ನನಗೆ ಈಗಲೂ ನೆನಪಿದೆ. ಅವರ ಕ್ರಯಪತ್ರದಲ್ಲಿ ಆ ಗೋಡೆಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಅದಕ್ಕೆ ಪಕ್ಕದ ರಸ್ತೆಯ ಪ್ಲಾಸ್ಟರ್ ಆಗದ ಜೋಡಿಯೊಳಗೆ ಹೋದೆ. ಕೆಳಗಿನ ಅಂತಸ್ತಿನಲ್ಲಿ ಎರಡೂ ಮನೆಗೆ ಸೇರಿದ ನಡುಗೋಡೆ 8 ಇಂಚಿನ ಸಿಮೆಂಟ್ ಬ್ಲಾಕು. ಮೇಲೆ ಹತ್ತಿ ನೋಡಿದರೆ ಬರೀ 4 ಇಂಚು! ಮೇಲಿರುವುದು ಮಲಗುವ ಕೋಣೆಗಳು. ಅಳಿಯನನ್ನು ಆಚೆ ಮನೆಗೆ ಕಳಿಸಿ, ಅಕ್ಕನ ಕಬ್ಬಿಣದ ಕುಟ್ಟಾಣಿ ಕೊಟ್ಟು, ಕುಟ್ಟುತ್ತಾ ಮಾತಾಡು ಅಂದೆ. ಕೆಳಗೆ ಕುಟ್ಟುವ ಸದ್ದು ದೂರದಲ್ಲಿ ಕೇಳಿದ ಹಾಗೆ ಕೇಳಿತು, ಮಾತು ತಿಳಿಯಲಿಲ್ಲ. ಮೇಲೆ ಅವನು "ಮಾಮಾ, ಸಾಕಾ?" ಅಂದದ್ದು ಒಂದೊಂದು ಅಕ್ಷರವೂ ಕೇಳಿಸಿತು. ಪ್ಲಾಸ್ಟರ್ ಆದರೆ ಸ್ವಲ್ಪ ಕಡಿಮೆಯಾಗುತ್ತದೆ, ನಿಜ. ಆದರೂ ಸದ್ದು ತಡೆಯುವುದು ಗೋಡೆಯ ತೂಕ. ನಾಲ್ಕು ಇಂಚಿನ ಗೋಡೆಗೆ ಆ ತೂಕ ಇಲ್ಲ. ಜೊತೆಗೆ ಎರಡೂ ಮನೆಯ ಸ್ವಿಚ್ ಬಾಕ್ಸುಗಳನ್ನು ಒಂದೇ ಜಾಗದಲ್ಲಿ ಬೆನ್ನಿಗೆ ಬೆನ್ನು ಕೊರೆದಿದ್ದರು. ಅಲ್ಲಿ ಗೋಡೆ ಇದ್ದೂ ಇಲ್ಲದ ಹಾಗೆ.

ಭಾವ "ನೋಡಿದೆಯಾ, ನಾನು ಹೇಳಿದ್ದು ಇದನ್ನೇ" ಅಂದರು. ಅವರ ಮಾತು ನಿಜವಾಗಿತ್ತು. ಆ ಗೋಡೆ ಹಾಗೇ ಇದ್ದಿದ್ದರೆ ನಾನೂ ಜೋಡಿ ಮನೆ ಬೇಡ ಅನ್ನುತ್ತಿದ್ದೆ. ಆದರೆ ನಾವು ನೋಡುತ್ತಿದ್ದ ಜೋಡಿ ಇನ್ನೂ ಪ್ಲಿಂತ್ ಮಟ್ಟದಲ್ಲಿತ್ತು. ಸೈಟ್ ಎಂಜಿನಿಯರ್ ಜೊತೆ ಕೂತು ಮಾತಾಡಿದೆ. ಎರಡೂ ಅಂತಸ್ತಿಗೆ 8 ಇಂಚು, ಸ್ವಿಚ್ ಬಾಕ್ಸು ಎದುರುಬದುರು ಬೇಡ, ನಡುಗೋಡೆಯಲ್ಲಿ ನೀರಿನ ಪೈಪು ಬೇಡ. ಒಪ್ಪಿದರು. ಮೇಲಿನ ಗೋಡೆಯ ಹೆಚ್ಚಿನ ಖರ್ಚನ್ನು ಎರಡೂ ಮನೆಯವರು ಹಂಚಿಕೊಳ್ಳುವುದು ಅಂತಾಯಿತು. ಬರೀ ಬಾಯಿಮಾತಲ್ಲ, ಒಪ್ಪಂದದ ಪತ್ರದಲ್ಲಿ ಬರೆಸಿದೆವು.

ಬಿಸಿಲು

ಭಾವನ ಮನಸ್ಸು ತಿರುಗಿದ್ದು ಇಲ್ಲಿ.

ಬಳ್ಳಾರಿಯ ಬೇಸಿಗೆ ಹೇಗಿರುತ್ತದೆ ಅಂತ ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ. 40 ಡಿಗ್ರಿ ದಾಟುವುದು ವರ್ಷವರ್ಷದ ಮಾತು. ರಾತ್ರಿ ಹತ್ತಕ್ಕೂ ಗೋಡೆ ಕಾದಿರುತ್ತದೆ. ಇಲ್ಲಿ ಮನೆ ಆರಿಸುವವರು ಮೊದಲು ಕೇಳಬೇಕಾದ್ದು ಪಡುವಣ ಗೋಡೆ ಯಾವುದು, ಅದರ ಹಿಂದೆ ಯಾವ ಕೋಣೆ ಇದೆ ಅಂತ. ಬಹಳ ಜನ ಬಾಗಿಲು ಯಾವ ದಿಕ್ಕಿಗೆ ಅಂತ ಮಾತ್ರ ಕೇಳುತ್ತಾರೆ.

ಬಿಡಿ ಮನೆ ಕೊನೆಯ ಸಾಲಿನಲ್ಲಿತ್ತು. ಹಿಂದೆ ಕಾಂಪೌಂಡು, ಅದರಾಚೆ ಬಯಲು. "ಎಷ್ಟು ಚಂದ ಬಯಲು ಕಾಣುತ್ತೆ" ಅಂತ ಭಾವನಿಗೆ ಇಷ್ಟವಾಗಿತ್ತು. ಆದರೆ ಆ ಬಯಲು ಪಶ್ಚಿಮಕ್ಕೆ. ಮೇಲಿನ ಎರಡೂ ಮಲಗುವ ಕೋಣೆ, ಕೆಳಗೆ ಅಜ್ಜಿಗೆ ಅಂತ ಇಟ್ಟ ಕೋಣೆ, ಮೂರೂ ಆ ಗೋಡೆಗೇ. ಮಧ್ಯಾಹ್ನ ಎರಡರಿಂದ ಸೂರ್ಯ ಮುಳುಗುವವರೆಗೂ ತಡೆಯುವವರೇ ಇಲ್ಲ. ಪಕ್ಕಗಳಲ್ಲಿ ಮೂರು ಮೂರು ಅಡಿ ಬಿಟ್ಟಿದ್ದರು. ಪಕ್ಕದ ಮನೆಯ ಕಿಟಕಿ ಆರು ಅಡಿ ದೂರದಲ್ಲಿ, ನಮ್ಮ ಕಿಟಕಿಗೆ ಎದುರಾಗಿ. ಬಿಡಿ ಮನೆ ಅಂದ ಮಾತ್ರಕ್ಕೆ ಪಕ್ಕದವರ ಕಣ್ಣು ತಪ್ಪುವುದಿಲ್ಲ ಅನ್ನುವುದು ಅಲ್ಲಿ ನಿಂತಾಗ ತಿಳಿಯಿತು. ಅಕ್ಕ ಅಡುಗೆಮನೆ ಕಿಟಕಿ ತೆರೆದಳು. ಎದುರು ಮನೆಯ ಸಿಂಕು ಕಾಣಿಸಿತು.

ಜೋಡಿ ಮನೆಗಳು ಉತ್ತರಕ್ಕೆ ಮುಖ ಮಾಡಿ, ಒಂದು ಪೂರ್ವದ ಬದಿಗೆ, ಒಂದು ಪಶ್ಚಿಮದ ಬದಿಗೆ ಇದ್ದವು. ಅದೂ ಸಾಲಿನ ಕೊನೆಯ ಜೋಡಿ. ಪಶ್ಚಿಮದ ಮನೆಗೆ ಮೂಲೆ ಮನೆ ಅಂತ ಬೆಲೆ ಒಂದು ಲಕ್ಷ ಜಾಸ್ತಿ. ಭಾವ ಅದನ್ನೇ ಕೇಳಿದ್ದರು. ಪೂರ್ವದ ಮನೆ ನೋಡಿ ಭಾವ ಅಂದೆ. ಅದರ ನಡುಗೋಡೆ ಇರುವುದು ಅದರ ಪಶ್ಚಿಮಕ್ಕೆ. ಅಂದರೆ ಪಕ್ಕದ ಮನೆ ಪೂರ್ತಿಯಾಗಿ ಸಂಜೆ ಬಿಸಿಲಿಗೆ ಅಡ್ಡ ನಿಲ್ಲುತ್ತದೆ. ಮೂವತ್ತೈದು ಅಡಿ ಉದ್ದ, ಎರಡು ಅಂತಸ್ತಿನ ನೆರಳು. ಅಷ್ಟು ನೆರಳನ್ನು ದುಡ್ಡು ಕೊಟ್ಟು ಕಟ್ಟಿಸಲು ಆಗುತ್ತದೆಯೇ? ಪೂರ್ವ, ಉತ್ತರ, ದಕ್ಷಿಣ ಮೂರು ಕಡೆ ಗಾಳಿಗೆ ತೆರೆದೇ ಇರುತ್ತದೆ. ಅಕ್ಕ ತಕ್ಷಣ "ಈಶಾನ್ಯವೂ ಖಾಲಿ ಸಿಗುತ್ತೆ" ಅಂದಳು. ವಾಸ್ತು ನನ್ನ ವಿಷಯ ಅಲ್ಲ, ಆದರೆ ಮನೆಯವರ ಮನಸ್ಸು ನಿಲ್ಲುವುದೂ ಬೇಕು.

ನಮ್ಮೂರ ಹಳೆ ಮಾಳಿಗೆ ಮನೆಗಳು ನೆನಪಾದವು. ಓಣಿಯ ಉದ್ದಕ್ಕೂ ಗೋಡೆಗೆ ಗೋಡೆ ಹಚ್ಚಿ ಕಟ್ಟಿದ ಮಣ್ಣಿನ ಮನೆಗಳು. ನಡು ಮಧ್ಯಾಹ್ನ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದರೆ ತಣ್ಣಗಿರುತ್ತಿತ್ತು. ಮಣ್ಣು ದಪ್ಪ ಅನ್ನುವುದು ಒಂದು ಕಾರಣ. ಬಿಸಿಲಿಗೆ ಬೀಳುವ ಗೋಡೆಯೇ ಕಡಿಮೆ ಅನ್ನುವುದು ಇನ್ನೊಂದು. ಇದನ್ನು ಹೇಳಿದಾಗ ಅಜ್ಜಿ ಮೊದಲ ಸಲ ಬಾಯಿ ಬಿಟ್ಟರು. "ನಮ್ಮ ಅತ್ತೆಯ ಮನೆ ಹಂಗೇ ಇತ್ತು ನೋಡು. ಬೆಂಕಿ ಬೇಕಂದ್ರೂ ಗೋಡೆ ಮೇಲಿಂದಲೇ ಕೊಡೋರು."

ಒಂದು ಎಚ್ಚರಿಕೆ ಕೊಟ್ಟೆ. ನಡುಗೋಡೆ ಪಕ್ಕದ ಬಿಸಿಲು ತಡೆಯುತ್ತದೆ, ತಲೆಯ ಮೇಲಿನದನ್ನಲ್ಲ. ಮೇಲಂತಸ್ತಿಗೆ ಎಲ್ಲಕ್ಕಿಂತ ಹೆಚ್ಚು ಬಿಸಿ ಇಳಿಯುವುದು ತಾರಸಿಯಿಂದ. ಅದು ಎರಡೂ ಮನೆಗೆ ಒಂದೇ. ಇನ್ನೂ ಒಂದು ಮಾತು. ಬಳ್ಳಾರಿ ಇರುವುದು 15 ಡಿಗ್ರಿ ಅಕ್ಷಾಂಶದ ಹತ್ತಿರ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡು ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಉತ್ತರದ ಕಿಟಕಿಗೂ ಸಜ್ಜಾ ಬೇಕು. ನಕ್ಷೆಯಲ್ಲಿ ಒಂದು ಅಡಿ ಇತ್ತು, ಎರಡು ಅಡಿ ಮಾಡಿಸಿದೆವು.

ಭಾವನ ಕೊನೆಯ ಆಸೆ

"ಬಿಡಿ ಮನೆಯಾದರೆ ನಾಳೆ ಮೇಲೆ ಮಗಳಿಗೂ ಒಂದು ಮನೆ ಕಟ್ಟಬಹುದು" ಅಂತ ಅವರ ಮನಸ್ಸಿನಲ್ಲಿತ್ತು. ಬಿಡಿ ಮನೆಯ ಪಿಲ್ಲರ್ ನಕ್ಷೆ ತರಿಸಿ ನೋಡಿದೆ. ಅದನ್ನು ಲೆಕ್ಕ ಹಾಕಿದ್ದೇ ಎರಡು ಅಂತಸ್ತಿಗೆ. ಲೇಔಟಿನ ನಿಯಮದಲ್ಲೂ ಮೂರನೆಯದಕ್ಕೆ ಅವಕಾಶ ಇರಲಿಲ್ಲ. ಆ ಆಸೆ ಎರಡೂ ಮನೆಯಲ್ಲಿ ನಡೆಯುವುದಲ್ಲ. ಬಿಡಿ ಮನೆ ಅಂದರೆ ಬೇಕಾದ್ದು ಕಟ್ಟಬಹುದು ಅಂತ ಎಷ್ಟೋ ಜನ ನಂಬಿ ದುಡ್ಡು ಕೊಡುತ್ತಾರೆ. ಪಿಲ್ಲರ್ ನಕ್ಷೆ ಕೇಳುವುದಿಲ್ಲ.

ಬಿಡಿ ಮನೆಯ ಪರವಾಗಿ ಉಳಿದದ್ದು ಒಂದು ಗಟ್ಟಿ ಮಾತು. 1,200 ಚದರಡಿ ನೆಲಕ್ಕೂ 1,000 ಚದರಡಿ ನೆಲಕ್ಕೂ ವ್ಯತ್ಯಾಸ ಇದೆ. ಕಟ್ಟಡ ಹಳೆಯದಾಗುತ್ತದೆ, ನೆಲಕ್ಕೇ ಬೆಲೆ ಏರುವುದು. ಮಾರುವಾಗ ಬಿಡಿ ಮನೆಗೆ ಗಿರಾಕಿ ಬೇಗ ಸಿಗುತ್ತಾರೆ. ಇದನ್ನು ಭಾವನಿಗೆ ಸ್ಪಷ್ಟವಾಗಿ ಹೇಳಿದೆ. ಮಾರುವ ಯೋಚನೆ ಇದ್ದರೆ ಜೋಡಿ ಮನೆ ಬೇಡ ಅಂತಲೂ ಹೇಳಿದೆ. "ಮಾರೋದಕ್ಕಲ್ಲಪ್ಪಾ, ಇರೋದಕ್ಕೆ" ಅಂದರು.

ನೀರಿನ ವಿಷಯದಲ್ಲಿ ಒಂದು ತಪ್ಪು ಸಿಕ್ಕಿತು. ಜೋಡಿಗೆ ಸೇರಿ ಒಂದೇ ಸಂಪು ತೋರಿಸಿದ್ದರು. ಬಳ್ಳಾರಿಗೆ ತುಂಗಭದ್ರೆಯ ನೀರು, ಅದೂ ದಿನಾ ಬರುವುದಲ್ಲ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಊರೆಲ್ಲ ಉಸಿರು ಬಿಗಿಹಿಡಿದಿತ್ತು. ಅಂಥ ಊರಲ್ಲಿ ಎರಡು ಮನೆಗೆ ಒಂದು ಸಂಪು ಅಂದರೆ ಮೊದಲ ಜಗಳ ಅಲ್ಲೇ ಹುಟ್ಟುತ್ತದೆ. ಬೇರೆ ಬೇರೆ ಸಂಪು, ಬೇರೆ ಬೇರೆ ಮೋಟರು ಅಂತ ಬದಲಾಯಿಸಿದೆವು.

ಕಾಗದ

ಜೋಡಿ ಮನೆಯಲ್ಲಿ ಕಾಗದದ ಮುಖ್ಯ ಪ್ರಶ್ನೆ ಒಂದೇ. ಸೈಟು ಬೇರೆಯಾಗಿ ನಿಮ್ಮ ಹೆಸರಿಗೆ ಬರುತ್ತದೋ, ಇಲ್ಲಾ ಒಟ್ಟು ಜಾಗದಲ್ಲಿ ಪಾಲು ಅಂತ ಮಾತ್ರ ಬರುತ್ತದೋ? ಇಲ್ಲಿ ಪ್ರತಿ ಮನೆಗೂ ಬೇರೆ ಸೈಟ್ ನಂಬರು, ಬೇರೆ ಇ-ಖಾತಾ ಇತ್ತು. ಪಾಲು ಅಂತ ಇದ್ದಿದ್ದರೆ ಅಲ್ಲಿಗೇ ಬಿಡಿಸುತ್ತಿದ್ದೆ. ಯೋಜನೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಾಧಿಕಾರದಲ್ಲಿ ನೋಂದಣಿ ಆಗಿತ್ತು. 2016ರ ಆ ಕಾಯ್ದೆಯಂತೆ ಒಪ್ಪಂದ ನೋಂದಣಿ ಆಗುವ ಮುಂಚೆ 10% ಗಿಂತ ಜಾಸ್ತಿ ಮುಂಗಡ ಕೇಳುವ ಹಾಗಿಲ್ಲ. ಮನೆ ಕೈಗೆ ಬಂದ ದಿನದಿಂದ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರು 30 ದಿನದಲ್ಲಿ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ಎರೆ ನೆಲದ ಮನೆಗೆ ಈ ಐದು ವರ್ಷ ಬಹಳ ಬೆಲೆಯುಳ್ಳದ್ದು. ಪಾಯದ ಗುಟ್ಟು ಮೊದಲ ಎರಡು ಮೂರು ಮಳೆಗಾಲದಲ್ಲೇ ಹೊರಬೀಳುತ್ತದೆ.

ಪತ್ರದ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ಹೇಳುವ ಭಾಗದಲ್ಲಿ, "ಪಶ್ಚಿಮಕ್ಕೆ ಇಂಥ ನಂಬರಿನ ಮನೆ" ಅಂತ ಮಾತ್ರ ಬರೆದಿದ್ದರು. ವಕೀಲರಿಗೆ ಹೇಳಿ ನಾಲ್ಕು ಸಾಲು ಸೇರಿಸಿದೆವು. ನಡುಗೋಡೆ ಇಬ್ಬರದ್ದು. ರಿಪೇರಿ ಖರ್ಚು ಅರ್ಧರ್ಧ. ಒಬ್ಬರು ಇನ್ನೊಬ್ಬರ ಬರಹದ ಒಪ್ಪಿಗೆ ಇಲ್ಲದೆ ಅದನ್ನು ಒಡೆಯುವುದು, ಮೇಲೆ ಭಾರ ಏರಿಸುವುದು ಇಲ್ಲ. ಗೋಡೆಯ ಹತ್ತಿರ ಇಂಗುಗುಂಡಿ ಇಲ್ಲ. ಪಶ್ಚಿಮದ ಮನೆ ತೆಗೆದುಕೊಂಡವರ ಪತ್ರದಲ್ಲೂ ಇವೇ ಸಾಲು ಬರಬೇಕು ಅಂತ ಪಟ್ಟು ಹಿಡಿದೆವು. ಒಂದೇ ಕಡೆ ಇದ್ದರೆ ಪ್ರಯೋಜನ ಇಲ್ಲ. ಅವರು ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಯ ಕೆಲಸದವರು. ಮುಂಗಡ ಕೊಡುವ ಮುಂಚೆ ಅವರನ್ನು ಭಾವನ ಮನೆಗೆ ಚಹಾಕ್ಕೆ ಕರೆದೆವು. ಅಜ್ಜಿ ಆ ಹೆಣ್ಣುಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮಂಡಿ ತೋರಿಸಿದರು.

ಆ ರಾತ್ರಿ ಭಾವನೇ ಫೋನ್ ಮಾಡಿದರು. "ಪೂರ್ವದ್ದೇ ಆಗಲಿ ಬಿಡು."

ಯುಗಾದಿಗೆ ಮುಂಚೆ ಹಾಲುಕ್ಕಿಸಿದರು. ಮೊದಲ ಬೇಸಿಗೆ ಕಳೆದಿದೆ. ಮೇ ತಿಂಗಳ ಒಂದು ಸಂಜೆ ಐದಕ್ಕೆ ನಾನು ಪಕ್ಕದ ಮನೆಯ ಪಡುವಣ ಗೋಡೆಗೆ ಒಳಗಿನಿಂದ ಕೈ ಇಟ್ಟೆ. ಒಲೆಯ ಮೇಲಿಂದ ಇಳಿಸಿದ ರೊಟ್ಟಿ ಹಂಚಿನ ಹಾಗಿತ್ತು. ಅಕ್ಕನ ಮನೆಯ ನಡುಗೋಡೆ ಉಗುರುಬೆಚ್ಚಗೆ ಕೂಡ ಇರಲಿಲ್ಲ. ಆ ಮನೆಯವರಿಗೆ ಹೊರಗಡೆ ಬಿದಿರಿನ ತಟ್ಟಿ ಕಟ್ಟಲು ಹೇಳಿದ್ದೇನೆ. ಮೇಲಿನ ಕೋಣೆ ಅಕ್ಕನದ್ದೂ ಕಾಯುತ್ತದೆ. ತಾರಸಿಗೆ ಬಿಳಿ ಬಣ್ಣ ಬಳಿಸಿದ ಮೇಲೆ ಸ್ವಲ್ಪ ತಗ್ಗಿದೆ, ಪೂರ್ತಿ ಹೋಗಿಲ್ಲ.

ನಾನು ಮೊದಲೇ ನೋಡದೆ ಬಿಟ್ಟ ವಿಷಯ ಒಂದಿದೆ. ಪಕ್ಕದ ಮನೆಯ ಮೆಟ್ಟಿಲು ನಡುಗೋಡೆಗೆ ಅಂಟಿಕೊಂಡಿದೆ. ರಾತ್ರಿ ಡ್ಯೂಟಿ ಮುಗಿಸಿ ಅವರು ಮೆಟ್ಟಿಲು ಹತ್ತಿದರೆ ಭಾವನಿಗೆ ಎಚ್ಚರವಾಗುತ್ತದೆ. ಮಾತು ತಡೆಯುವ ಗೋಡೆ ಹೆಜ್ಜೆಯ ಸದ್ದು ತಡೆಯುವುದಿಲ್ಲ. ಅದು ಕಾಂಕ್ರೀಟಿನೊಳಗೇ ಹರಿದು ಬರುತ್ತದೆ. ಮೆಟ್ಟಿಲಿಗೆ ರಬ್ಬರ್ ಹಾಸು ಹಾಕಿದ್ದಾರೆ. ಮುಕ್ಕಾಲು ಪಾಲು ಕಡಿಮೆಯಾಗಿದೆ ಅಂತ ಭಾವ ಹೇಳುತ್ತಾರೆ.

ಮೊದಲ ಮಳೆ ಆದ ಮೇಲೆ ಮೇಲಂತಸ್ತಿನಲ್ಲಿ, ಬ್ಲಾಕು ಮತ್ತು ಪಿಲ್ಲರು ಕೂಡುವಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಭಾವ ಹೆದರಿದರು. ಬಿಲ್ಡರಿಗೆ ಬರಹದಲ್ಲಿ ತಿಳಿಸಿದೆವು. ಬಂದು ಜಾಲರಿ ಹಾಕಿ ತುಂಬಿ ಹೋದರು. ಆಮೇಲೆ ನಾನು ಆ ಜಾಗಕ್ಕೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ, ಮಾರ್ಕರಿನಲ್ಲಿ ತಾರೀಖು ಬರೆದಿದ್ದೇನೆ. ಗೋಡೆ ಅಲುಗಿದರೆ ಮೊದಲು ಗಾಜು ಒಡೆಯುತ್ತದೆ. ದಿನಾ ಬೆಳಿಗ್ಗೆ ಅಜ್ಜಿ ಕೆಳಗಿನಿಂದಲೇ "ಗಾಜು ಹೆಂಗದ?" ಅಂತ ಮೊಮ್ಮಗಳನ್ನು ಕೇಳುತ್ತಾರಂತೆ. ನಿನ್ನೆಯವರೆಗೂ ಒಡೆದಿಲ್ಲ. ಹಿಂಗಾರು ಮಳೆ ಇನ್ನೂ ಬಾಕಿ ಇದೆ.